ಮಂಡಿಯ ನೀರನ್ನು ಮತ್ತೆ ತೆಗೆಸಬೇಕೇ?

ಪ್ರಶ್ನೆ: ನನ್ನ ಮಗಳಿಗೆ ನಾಲ್ಕು ವರ್ಷ. ಮೂರು ತಿಂಗಳಿಂದ ಅವಳ ಬಲ ಮಂಡಿ ಊದಿಕೊಂಡಿದೆ. ಬೆಳಿಗ್ಗೆ ಎದ್ದ ಕೂಡಲೇ ಕಾಲು ನೀಡಲಾರಳು, ಸುಮಾರು ಒಂದು ಗಂಟೆ ಕುಂಟುತ್ತಾಳೆ, ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಓಡಾಡಿಕೊಂಡಿರುತ್ತಾಳೆ. ಜ್ವರ ಬಂದಿಲ್ಲ. ಬಿದ್ದ ಪೆಟ್ಟೆಂದು ತಿಳಿದು ಮೊದಲು ನಾಟಿ ಕಟ್ಟು ಹಾಕಿಸಿದೆವು, ಆಮೇಲೆ ಒಂದು ವಾರ ಆ್ಯಂಟಿಬಯಾಟಿಕ್ ಸಿರಪ್ ಕೊಟ್ಟೆವು. ಬಳಿಕ ನಮ್ಮ ತಾಲ್ಲೂಕಿನ ಆಸ್ಪತ್ರೆಯೊಂದರಲ್ಲಿ ಮಂಡಿಯ ನೀರು ತೆಗೆದು, ಜಿಲ್ಲಾ ಕೇಂದ್ರದ ಪ್ರಯೋಗಾಲಯಕ್ಕೆ ಕಳುಹಿಸಿದರು. ಬೆಳಿಗ್ಗೆ ತೆಗೆದದ್ದು ಅಲ್ಲಿಗೆ ತಲುಪಿದಾಗ ಸಂಜೆಯಾಗಿತ್ತು. ವರದಿಯಲ್ಲಿ ಹಳದಿ ಬಣ್ಣ, ಮಸುಕು ದ್ರವ, ಬಿಳಿ ರಕ್ತಕಣ 18,000, ನ್ಯೂಟ್ರೋಫಿಲ್ ಶೇ. 70, ಸಕ್ಕರೆ 38, ಎಡಿಎ 44, ಕಲ್ಚರ್‌ನಲ್ಲಿ ಯಾವ ಬೆಳವಣಿಗೆಯೂ ಇಲ್ಲ ಎಂದಿದೆ. ರಕ್ತದಲ್ಲಿ ಇಎಸ್‌ಆರ್ 42, ಆರ್‌ಎ ನೆಗೆಟಿವ್, ಎಎನ್‌ಎ ಪಾಸಿಟಿವ್. ಹತ್ತು ದಿನಗಳಲ್ಲಿ ಮಂಡಿ ಮತ್ತೆ ತುಂಬಿಕೊಂಡಿತು. ಒಬ್ಬ ವೈದ್ಯರು ಇದು ಟಿಬಿ, ಔಷಧಿ ಶುರು ಮಾಡೋಣ ಎನ್ನುತ್ತಾರೆ. ಇನ್ನೊಬ್ಬರು ಇದು ಮಕ್ಕಳ ಸಂಧಿವಾತ, ಮತ್ತೊಮ್ಮೆ ನೀರು ತೆಗೆದು ಮಂಡಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡಬೇಕು ಎನ್ನುತ್ತಾರೆ. ಪದೇಪದೇ ನೀರು ತೆಗೆದರೆ ಕೀಲಿನ ಜಿಡ್ಡು ಆರಿಹೋಗಿ ಕಾಲು ಬೆಳೆಯುವುದಿಲ್ಲ ಎಂದು ಅತ್ತೆಯವರು ಹೆದರಿದ್ದಾರೆ. ನಮ್ಮದು ಹಸು ಸಾಕಿದ ಮನೆ; ಮಗು ಆಗಾಗ ಹಸಿ ಹಾಲು ಕುಡಿದದ್ದೂ ಉಂಟು. ಮತ್ತೆ ನೀರು ತೆಗೆಸಲೇಬೇಕೇ? ರಕ್ತ ಪರೀಕ್ಷೆಯಿಂದಲೇ ತಿಳಿಯಲಾಗದೇ? — ಓದುಗರೊಬ್ಬರು, ಶಿವಮೊಗ್ಗ ಜಿಲ್ಲೆ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಂದರೊಳಗೊಂದು ಸೇರಿಕೊಂಡಿವೆ. ಸೂಜಿಯಿಂದ ಮಗುವಿಗೆ ಹಾನಿಯಾದೀತೇ ಎಂಬುದು ಒಂದು. ಒಂದೇ ವರದಿಯನ್ನು ನೋಡಿ ಇಬ್ಬರು ವೈದ್ಯರು ಬೇರೆ ಬೇರೆ ರೋಗ ಹೇಳುತ್ತಿರುವಾಗ ಯಾರನ್ನು ನಂಬಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸರಳವಾದುದರಿಂದ ಅದನ್ನು ಮೊದಲು ಮುಗಿಸುತ್ತೇನೆ. ಎರಡನೆಯದಕ್ಕೆ ಹೆಚ್ಚು ವಿವರ ಬೇಕು, ಏಕೆಂದರೆ ಮುಂದಿನ ಚಿಕಿತ್ಸೆಯೆಲ್ಲ ಅದನ್ನೇ ಅವಲಂಬಿಸಿದೆ.

ಆರೋಗ್ಯವಂತ ಮಂಡಿಯೊಳಗೆ ಇರುವ ದ್ರವ ಬಹಳ ಕಡಿಮೆ. ದೊಡ್ಡವರ ಮಂಡಿಯಲ್ಲೇ ಅದು ಮೂರು ನಾಲ್ಕು ಮಿಲಿಲೀಟರ್ ಮೀರುವುದಿಲ್ಲ. ಕೀಲಿನ ಒಳಪದರವು ರಕ್ತದಿಂದ ಸೋಸಿ ಬಂದ ನೀರಿಗೆ ಹೈಯಲುರಾನಿಕ್ ಆಮ್ಲವನ್ನು ಸೇರಿಸಿ ಈ ಜಿಡ್ಡಾದ ದ್ರವವನ್ನು ದಿನವಿಡೀ ತಯಾರಿಸುತ್ತಲೇ ಇರುತ್ತದೆ. ಆದ್ದರಿಂದ ತೆಗೆದ ಮಾತ್ರಕ್ಕೆ ಅದು ಆರಿಹೋಗುವ ಪ್ರಶ್ನೆಯೇ ಇಲ್ಲ. ನಿಮ್ಮ ಮಗುವಿನ ಮಂಡಿಯಲ್ಲಿ ಈಗ ತುಂಬಿರುವುದು ಆ ಒಳ್ಳೆಯ ಜಿಡ್ಡೂ ಅಲ್ಲ. ಉರಿಯೂತದಿಂದ ದಪ್ಪಗಾದ ಒಳಪದರದ ರಕ್ತನಾಳಗಳಿಂದ ಸೋರಿಬಂದ, ಜಿಡ್ಡು ತೆಳುವಾದ, ಬಿಳಿ ರಕ್ತಕಣಗಳಿಂದ ಮಸುಕಾದ ದ್ರವ ಅದು. ಆ ಕಣಗಳು ಬಿಡುವ ಕಿಣ್ವಗಳು ಮೂಳೆಯ ತುದಿಯ ಮೃದ್ವಸ್ಥಿಯನ್ನು ಸವೆಸುತ್ತವೆ. ತುಂಬಿಕೊಂಡ ದ್ರವದ ಒತ್ತಡದಿಂದ ತೊಡೆಯ ಮುಂಭಾಗದ ಸ್ನಾಯು ಸರಿಯಾಗಿ ಬಿಗಿಯಲಾರದೆ ದಿನೇದಿನೇ ಸೊರಗುತ್ತದೆ. ಮಗುವಿನ ಎರಡೂ ತೊಡೆಗಳ ಸುತ್ತಳತೆಯನ್ನು ಟೇಪಿನಿಂದ ಅಳೆದರೆ ವ್ಯತ್ಯಾಸ ನಿಮಗೇ ಕಾಣಬಹುದು. ನೀರು ಹತ್ತು ದಿನಗಳಲ್ಲಿ ಮರಳಿ ತುಂಬಿದ್ದು ತೆಗೆದ ತಪ್ಪಿನಿಂದಲ್ಲ, ಒಳಪದರದ ಉರಿಯೂತಕ್ಕೆ ಇನ್ನೂ ಚಿಕಿತ್ಸೆ ಸಿಗದಿರುವುದರಿಂದ.

ಬೆಳವಣಿಗೆಯ ವಿಷಯದಲ್ಲೂ ಅತ್ತೆಯವರಿಗೆ ಧೈರ್ಯ ಹೇಳಬಹುದು. ಸೂಜಿ ಹೋಗುವುದು ಎರಡು ಮೂಳೆಗಳ ನಡುವಿನ ಕೀಲಿನ ಚೀಲದೊಳಕ್ಕೆ. ಮೂಳೆ ಬೆಳೆಯುವ ಭಾಗವನ್ನು ಅದು ಮುಟ್ಟುವುದಿಲ್ಲ. ಕಾಲಿನ ಉದ್ದದಲ್ಲಿ ಏರುಪೇರು ಮಾಡುವುದು ವಾಸ್ತವವಾಗಿ ಚಿಕಿತ್ಸೆಯಿಲ್ಲದೆ ಉಳಿದ ಉರಿಯೂತ. ತಿಂಗಳುಗಟ್ಟಲೆ ಊದಿರುವ ಮಂಡಿಗೆ ರಕ್ತದ ಹರಿವು ಹೆಚ್ಚಿ, ಆ ಕಡೆಯ ಮೂಳೆ ಬೇಗ ಬೆಳೆದು, ಚಿಕ್ಕ ಮಕ್ಕಳಲ್ಲಿ ಅದೇ ಕಾಲು ಉದ್ದವಾಗುತ್ತದೆ. ಉದ್ದವಾದ ಕಾಲನ್ನು ಸರಿದೂಗಿಸಲು ಮಗು ಮಂಡಿಯನ್ನು ಇನ್ನಷ್ಟು ಮಡಚಿ ನಡೆಯುತ್ತದೆ, ಮಡಚಿದ ಮಂಡಿ ಕ್ರಮೇಣ ಹಾಗೆಯೇ ಸೆಟೆದುಕೊಳ್ಳುತ್ತದೆ. ನಾಟಿ ಕಟ್ಟನ್ನು ಮತ್ತೆ ಹಾಕಿಸಬೇಡಿ ಎಂದು ಕೇಳಿಕೊಳ್ಳುವುದೂ ಇದೇ ಕಾರಣಕ್ಕೆ. ಮುರಿಯದ ಕೀಲನ್ನು ವಾರಗಟ್ಟಲೆ ಬಿಗಿದಿಟ್ಟರೆ ಸ್ನಾಯು ಸೊರಗುವುದೂ ಕೀಲು ಸೆಟೆಯುವುದೂ ಬೇಗನೆ ಆಗುತ್ತದೆ.

ಇನ್ನು ಎರಡನೆಯ ಚಿಂತೆ. ಹದಿನಾರು ವರ್ಷ ತುಂಬುವ ಮೊದಲು ಆರಂಭವಾಗಿ, ಕನಿಷ್ಠ ಆರು ವಾರ ಉಳಿದು, ಬೇರೆ ಕಾರಣ ಸಿಗದ ಕೀಲುಗಳ ಉರಿಯೂತವನ್ನು ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್ ಎನ್ನುತ್ತೇವೆ; ಇನ್ನೊಬ್ಬ ವೈದ್ಯರು ಮಕ್ಕಳ ಸಂಧಿವಾತ ಎಂದದ್ದು ಇದನ್ನೇ. ಆಸ್ಪತ್ರೆಗಳಲ್ಲಿ ಇದನ್ನು ಚುಟುಕಾಗಿ ಜೆಐಎ ಎಂದು ಬರೆಯುತ್ತಾರೆ. ಬೇರೆ ಕಾರಣ ಸಿಗದ ಎಂಬ ಮಾತು ಇಲ್ಲಿ ಬಹಳ ಮುಖ್ಯ. ಈ ರೋಗವನ್ನು ಇದೇ ಎಂದು ಖಚಿತಪಡಿಸುವ ಪರೀಕ್ಷೆ ರಕ್ತದಲ್ಲೂ ಇಲ್ಲ, ಕೀಲಿನ ನೀರಿನಲ್ಲೂ ಇಲ್ಲ. ಸಂಧಿವಾತಕ್ಕೆ ಸಂಬಂಧಿಸಿದ ಪ್ರತಿಕಾಯವನ್ನು ರಕ್ತದಲ್ಲಿ ಹುಡುಕುವ ಆರ್‌ಎ ಪರೀಕ್ಷೆ ಇಂತಹ ಮಕ್ಕಳಲ್ಲಿ ಬಹುಪಾಲು ಜನರಿಗೆ ನೆಗೆಟಿವ್ ಆಗಿಯೇ ಬರುತ್ತದೆ, ಆದ್ದರಿಂದ ಅದು ನೆಗೆಟಿವ್ ಆದದ್ದು ಸಂಧಿವಾತ ಅಲ್ಲ ಎಂಬುದಕ್ಕೆ ಪುರಾವೆಯಲ್ಲ. ಎಎನ್‌ಎ, ಅಂದರೆ ದೇಹದ ಸ್ವಂತ ಜೀವಕೋಶಗಳ ವಿರುದ್ಧದ ಪ್ರತಿಕಾಯ, ಕೆಲವು ಆರೋಗ್ಯವಂತ ಮಕ್ಕಳಲ್ಲೂ ಪಾಸಿಟಿವ್ ಇರುತ್ತದೆ. ಅದರ ನಿಜವಾದ ಉಪಯೋಗ ಕಣ್ಣಿಗೆ ಸಂಬಂಧಿಸಿದ್ದು, ಅದನ್ನು ಮುಂದೆ ಹೇಳುತ್ತೇನೆ. ಇಎಸ್‌ಆರ್ ಉರಿಯೂತ ಇದೆ ಎನ್ನುತ್ತದೆ, ಯಾವುದರಿಂದ ಎನ್ನುವುದಿಲ್ಲ. ರಕ್ತ ಪರೀಕ್ಷೆಯೊಂದರಿಂದಲೇ ತಿಳಿಯದೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ: ತಿಳಿಯುವುದಿಲ್ಲ.

ಹಾಗಾದರೆ ಕೀಲಿನ ನೀರನ್ನು ಏಕೆ ತೆಗೆಯುತ್ತೇವೆ? ಆ ಮಂಡಿಯೊಳಗೆ ರೋಗಾಣುವಿದೆಯೇ ಎಂದು ನೋಡುವುದಕ್ಕೆ. ಜೊತೆಗೆ ದ್ರವದ ಬಣ್ಣದಿಂದ ಒಳಗೆ ರಕ್ತ ಸೋರುತ್ತಿದೆಯೇ ಎಂಬುದೂ ತಿಳಿಯುತ್ತದೆ. ಕೆಂಪಾಗಿ ಅಥವಾ ಕಂದಾಗಿ ಬಂದರೆ ಪೆಟ್ಟು, ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ರೋಗ, ಒಳಪದರದ ಗಂಟಿನಂತಹ ಬೇರೆ ದಾರಿಗಳನ್ನು ಹುಡುಕಬೇಕು. ನಿಮ್ಮ ಮಗುವಿನದು ಹಳದಿ ಬಂದಿದೆ, ಹಾಗಾಗಿ ಆ ದಾರಿಗಳನ್ನು ಇಲ್ಲಿ ಬಿಟ್ಟುಬಿಡೋಣ. ಹಲವು ಕೀಲುಗಳು ಒಟ್ಟಿಗೆ ಊದಿರುವ ಮಗುವಿನಲ್ಲಿ ನೀರು ತೆಗೆಯುವ ಅಗತ್ಯ ಎಷ್ಟೋ ಸಲ ಬೀಳುವುದೇ ಇಲ್ಲ. ಆದರೆ ಒಂದೇ ಕೀಲು ಊದಿರುವಾಗ, ಅದರಲ್ಲೂ ಸ್ಟೀರಾಯ್ಡ್ ಕೊಡುವ ಮುನ್ನ, ಸೋಂಕಿನ ಪ್ರಶ್ನೆಯನ್ನು ಬಗೆಹರಿಸದೆ ಮುಂದುವರಿಯಬಾರದು.

ಈಗ ವರದಿಯ ಅಂಕಿಗಳಿಗೆ ಬರೋಣ. ಸಹಜ ಕೀಲುರಸದಲ್ಲಿ ಒಂದು ಮೈಕ್ರೋಲೀಟರಿಗೆ 200ಕ್ಕಿಂತ ಕಡಿಮೆ ಬಿಳಿ ಕಣಗಳಿರುತ್ತವೆ. 2,000 ದಾಟಿದರೆ ಉರಿಯೂತ ಎನ್ನುತ್ತೇವೆ. 50,000 ದಾಟಿದರೆ, ಲಕ್ಷದ ಹತ್ತಿರ ಹೋದರೆ, ಅದರಲ್ಲಿ ನೂರಕ್ಕೆ ತೊಂಬತ್ತು ನ್ಯೂಟ್ರೋಫಿಲ್ ಎಂಬ ಬಗೆಯ ಬಿಳಿ ಕಣಗಳೇ ಆಗಿದ್ದರೆ ಕೀವಿನ ಸೋಂಕನ್ನು ಮೊದಲು ಶಂಕಿಸುತ್ತೇವೆ. ಪುಸ್ತಕದಲ್ಲಿ ಈ ಗಡಿಗಳು ಸ್ಪಷ್ಟವಾಗಿ ಕಾಣುತ್ತವೆ, ಮಕ್ಕಳಲ್ಲಿ ಅವು ಒಂದರ ಮೇಲೊಂದು ಹಾಯುತ್ತವೆ. ಸೋಂಕಿನ ಸುಳಿವೂ ಇಲ್ಲದ ಜೆಐಎ ಮಂಡಿಯಲ್ಲಿ 50,000 ಮೀರಿದ ಎಣಿಕೆ ಬರುವುದುಂಟು. ನಿಜವಾದ ಸೋಂಕಿನ ಆರಂಭದಲ್ಲಿ ಎಣಿಕೆ ಅದಕ್ಕಿಂತ ಎಷ್ಟೋ ಕೆಳಗಿರುವುದೂ ಉಂಟು. ನಿಮ್ಮ ಮಗುವಿನ 18,000 ಎಂಬ ಅಂಕಿ ಜೆಐಎಗೆ ಚೆನ್ನಾಗಿ ಒಪ್ಪುತ್ತದೆ, ಆದರೆ ಕೀಲಿನ ಟಿಬಿಯಲ್ಲೂ ದನಗಳಿಂದ ಬರುವ ಬ್ರುಸೆಲ್ಲಾ ಸೋಂಕಿನಲ್ಲೂ ಅದೇ ಅಂಕಿ ಬರಬಹುದು. ಇಬ್ಬರು ವೈದ್ಯರು ಒಂದೇ ಕಾಗದದಲ್ಲಿ ಎರಡು ರೋಗ ಕಂಡದ್ದಕ್ಕೆ ಕಾರಣ ಇದೇ. ಇಬ್ಬರನ್ನೂ ನಾನು ದೂರುವುದಿಲ್ಲ.

ಸಾಮಾನ್ಯ ಬ್ಯಾಕ್ಟೀರಿಯಾದಿಂದ ಕೀವು ತುಂಬಿದ ಮಂಡಿ ಇದಲ್ಲ ಎಂದು ನಾನು ಧೈರ್ಯವಾಗಿ ಹೇಳುವುದು ವರದಿಯನ್ನು ನೋಡಿ ಅಲ್ಲ, ನೀವು ಬರೆದ ವಿವರವನ್ನು ನೋಡಿ. ಕೀವಾದ ಕೀಲನ್ನು ಮಗು ಮುಟ್ಟಗೊಡುವುದಿಲ್ಲ, ಕಾಲೂರುವುದಿಲ್ಲ, ಜ್ವರದಲ್ಲಿ ಬೇಯುತ್ತದೆ, ಚಿಕಿತ್ಸೆ ಸಿಗದಿದ್ದರೆ ಮೃದ್ವಸ್ಥಿ ಕೆಲವೇ ದಿನಗಳಲ್ಲಿ ಹಾಳಾಗುತ್ತದೆ. ಮೂರು ತಿಂಗಳು ಜ್ವರವಿಲ್ಲದೆ ಮಧ್ಯಾಹ್ನ ಅಂಗಳದಲ್ಲಿ ಓಡುವ ಮಗುವಿನ ಕಥೆ ಅದಲ್ಲ. ಬೆಳಗಿನ ಬಿಗಿತ, ಓಡಾಡಿದಂತೆ ಸಡಿಲವಾಗುವುದು, ನಾಲ್ಕು ವರ್ಷದ ಹೆಣ್ಣುಮಗು, ಒಂದೇ ಮಂಡಿ, ಎಎನ್‌ಎ ಪಾಸಿಟಿವ್ — ಇವೆಲ್ಲ ಕೂಡಿದಾಗ ನನ್ನ ಮನಸ್ಸು ಕೆಲವೇ ಕೀಲುಗಳನ್ನು ಹಿಡಿಯುವ ಬಗೆಯ ಜೆಐಎ ಕಡೆಗೆ ವಾಲುತ್ತದೆ. ಅದನ್ನು ಆಲಿಗೋಆರ್ಟಿಕ್ಯುಲರ್ ಜೆಐಎ ಎನ್ನುತ್ತಾರೆ. ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಬೆಳವಣಿಗೆ ಇಲ್ಲ ಎಂಬ ಸಾಲಿಗೆ ಮಾತ್ರ ಪೂರ್ತಿ ತೂಕ ಕೊಡಲಾರೆ, ಏಕೆಂದರೆ ಅದಕ್ಕೂ ಮುಂಚೆ ಒಂದು ವಾರ ಆ್ಯಂಟಿಬಯಾಟಿಕ್ ಕೊಟ್ಟಾಗಿತ್ತು. ಅದಲ್ಲದೆ ಎರಡು ಮೂರು ದಿನದ ಮಾಮೂಲಿ ಕಲ್ಚರ್‌ನಲ್ಲಿ ಟಿಬಿ ರೋಗಾಣು ಬೆಳೆಯುವುದೇ ಇಲ್ಲ.

ಟಿಬಿ ಎಂದವರು ಬಹುಶಃ ಎರಡು ಅಂಕಿಗಳನ್ನು ಆಧರಿಸಿದ್ದಾರೆ: ಸಕ್ಕರೆ 38 ಮತ್ತು ಎಡಿಎ 44. ಸಕ್ಕರೆಯ ಅಂಕಿಯನ್ನು ನಾನು ಪಕ್ಕಕ್ಕಿಡುತ್ತೇನೆ. ಕೀಲಿನ ನೀರಿನ ಸಕ್ಕರೆಯನ್ನು ಅದೇ ಹೊತ್ತಿನ ರಕ್ತದ ಸಕ್ಕರೆಯ ಜೊತೆ ಹೋಲಿಸಬೇಕು; ಇಲ್ಲಿ ರಕ್ತದ ಸಕ್ಕರೆ ನೋಡಿದ ಉಲ್ಲೇಖವಿಲ್ಲ. ಅದಕ್ಕಿಂತ ಮುಖ್ಯವಾಗಿ, ಬೆಳಿಗ್ಗೆ ತೆಗೆದ ದ್ರವ ಸಂಜೆ ಪ್ರಯೋಗಾಲಯ ಸೇರಿದೆ. ಜೀವಂತವಾಗಿರುವ ಸಾವಿರಾರು ಬಿಳಿ ಕಣಗಳು ಟ್ಯೂಬಿನೊಳಗೇ ಆ ಸಕ್ಕರೆಯನ್ನು ಬಳಸಿಕೊಳ್ಳುತ್ತಾ ಹೋಗುತ್ತವೆ, ಹಾಗೆಯೇ ಕೆಲವು ಒಡೆದು ಎಣಿಕೆಯೂ ಇಳಿಯುತ್ತದೆ. ಎಡಿಎ ಎಂಬುದು ಉರಿಯೂತದ ಕಣಗಳು ಹೊರಹಾಕುವ ಕಿಣ್ವ. ಎದೆಯ ನೀರಿನಲ್ಲಿ ಟಿಬಿ ಪತ್ತೆಗೆ ಅದು ಉಪಯುಕ್ತ. ಸಂಧಿವಾತದ ಕೀಲಿನಲ್ಲೂ ಅದು ಏರುವುದರಿಂದ, ಮಂಡಿಯ ನೀರಿನಲ್ಲಿ ಅದೊಂದನ್ನೇ ನಂಬಿ ಮಗುವಿಗೆ ತಿಂಗಳುಗಟ್ಟಲೆ ಟಿಬಿ ಮಾತ್ರೆ ಕೊಡುವುದನ್ನು ನಾನು ಒಪ್ಪುವುದಿಲ್ಲ.

ಔಷಧಿ ಕೊಟ್ಟು ನೋಡೋಣ, ಕಡಿಮೆಯಾದರೆ ಟಿಬಿಯೇ ಎಂದುಕೊಳ್ಳೋಣ ಎಂಬ ವಾದವನ್ನು ಬಹಳ ಕಡೆ ಕೇಳುತ್ತೇವೆ. ಜೆಐಎ ಊತ ತಾನಾಗಿಯೇ ಏರಿ ಇಳಿಯುವಂಥದ್ದು. ಇಳಿಯುವ ಕಾಲಕ್ಕೆ ಮಾತ್ರೆ ಶುರುವಾಗಿದ್ದರೆ ಎಲ್ಲರೂ ಅದನ್ನು ಮಾತ್ರೆಯ ಗುಣವೆಂದೇ ತಿಳಿಯುತ್ತಾರೆ. ಯಕೃತ್ತಿನ ಮೇಲೆ, ಕಣ್ಣಿನ ನರದ ಮೇಲೆ ಈ ಔಷಧಿಗಳ ಅಡ್ಡಪರಿಣಾಮದ ಸಾಧ್ಯತೆ ಒಂದು ಕಡೆ. ಆ ತಿಂಗಳುಗಳಲ್ಲಿ ಮಂಡಿ ಸೆಟೆಯುವುದು ಇನ್ನೊಂದು ಕಡೆ. ಅದೇ ರೀತಿ, ನಿಜವಾಗಿ ಟಿಬಿ ಇರುವ ಮಂಡಿಗೆ ಸ್ಟೀರಾಯ್ಡ್ ಚುಚ್ಚಿದರೆ ರೋಗಾಣುವನ್ನು ತಡೆಹಿಡಿದಿದ್ದ ದೇಹದ ಕಾವಲು ಸಡಿಲವಾಗಿ ಕೀಲು ಹಾಳಾಗುತ್ತದೆ. ಎರಡೂ ದಾರಿಗಳಲ್ಲಿ ಅಪಾಯವಿದೆ. ಆದ್ದರಿಂದಲೇ ಮೊದಲ ಬಾರಿ ಅರ್ಧಕ್ಕೆ ನಿಂತ ಪರೀಕ್ಷೆಯನ್ನು ಈ ಸಲ ಪೂರ್ಣಗೊಳಿಸಬೇಕು ಎನ್ನುತ್ತೇನೆ.

ಸೂಜಿ ಹಾಕುವ ಮೊದಲು ಮಾಡಬಹುದಾದ ಕೆಲಸ ಬಹಳಷ್ಟಿದೆ. ಮನೆಯಲ್ಲಿ, ನೆರೆಹೊರೆಯಲ್ಲಿ, ಮಗುವನ್ನು ಎತ್ತಿ ಆಡಿಸುವವರಲ್ಲಿ ಯಾರಿಗಾದರೂ ಟಿಬಿ ಇದೆಯೇ, ಬಹಳ ದಿನದ ಕೆಮ್ಮಿದೆಯೇ ಎಂದು ನೆನಪು ಮಾಡಿಕೊಂಡು ವೈದ್ಯರಿಗೆ ತಿಳಿಸಿ. ಟಿಬಿ ಸೋಂಕಿನ ಸುಳಿವು ನೀಡುವ ಮಾಂಟೂ ಚರ್ಮ ಪರೀಕ್ಷೆ, ಎದೆಯ ಎಕ್ಸ್‌ರೇ, ಎರಡೂ ಮಂಡಿಗಳ ಎಕ್ಸ್‌ರೇ ಆಗಲಿ. ಕೀಲಿನ ಅಂಚಿನಲ್ಲಿ ಮೂಳೆ ತಿಂದುಹೋದಂತೆ ಕಂಡರೆ ಎಂಆರ್‌ಐ ಬೇಕಾಗುತ್ತದೆ. ಹಸಿ ಹಾಲಿನ ವಿಷಯವನ್ನು ನೀವು ಬರೆದದ್ದು ಬಹಳ ಒಳ್ಳೆಯದಾಯಿತು, ಅದನ್ನು ಎಷ್ಟೋ ಮನೆಗಳಲ್ಲಿ ಹೇಳಲು ಮರೆಯುತ್ತಾರೆ. ಹಸುವಿನಿಂದ ಬರುವ ಬ್ರುಸೆಲ್ಲಾ ಸೋಂಕು ಮಕ್ಕಳಲ್ಲಿ ಒಂದೇ ಮಂಡಿ ಅಥವಾ ಸೊಂಟದ ಕೀಲನ್ನು ಹಿಡಿದು, ಬಂದೂ ಬಾರದಂತಿರುವ ಜ್ವರದೊಂದಿಗೆ ತಿಂಗಳುಗಟ್ಟಲೆ ಉಳಿಯಬಲ್ಲದು. ರಕ್ತದಲ್ಲಿ ಬ್ರುಸೆಲ್ಲಾ ಪ್ರತಿಕಾಯ ಪರೀಕ್ಷೆ ಮಾಡಿಸಿ. ಹಸುಗಳಲ್ಲಿ ಗರ್ಭಪಾತವಾಗಿದ್ದರೆ ಅದನ್ನೂ ತಿಳಿಸಿ. ರಾತ್ರಿ ಮಗು ನೋವಿನಿಂದ ಏಳುತ್ತಿದ್ದರೆ, ಬಿಳಿಚಿಕೊಂಡಿದ್ದರೆ, ತೂಕ ಇಳಿದಿದ್ದರೆ ಗಾಜಿನ ಮೇಲೆ ಹರಡಿದ ರಕ್ತದ ಲೇಪವನ್ನು ರೋಗಶಾಸ್ತ್ರ ತಜ್ಞರು ಸ್ವತಃ ನೋಡಬೇಕು. ಮಕ್ಕಳ ರಕ್ತದ ಕ್ಯಾನ್ಸರ್ ಅಪರೂಪಕ್ಕೆ ಕೀಲುನೋವಿನ ರೂಪದಲ್ಲಿ ಬರುತ್ತದೆ, ಮತ್ತು ಅದನ್ನು ತಳ್ಳಿಹಾಕದೆ ಸ್ಟೀರಾಯ್ಡ್ ಕೊಟ್ಟರೆ ರೋಗದ ಚಹರೆಯೇ ಮರೆಯಾಗುತ್ತದೆ. ನಿಮ್ಮ ಪತ್ರದಲ್ಲಿ ಅಂತಹ ಲಕ್ಷಣ ಯಾವುದೂ ಇಲ್ಲ. ಆದರೂ ಈ ಲೇಪ ನೋಡುವುದು ಅಗ್ಗದ, ಸುಲಭದ ಕೆಲಸ.

ಎರಡನೆಯ ಸಲ ನೀರು ತೆಗೆಯುವಾಗ ಅದು ಯಾವ ಟ್ಯೂಬಿಗೆ ಹೋಗುತ್ತದೆ ಎಂಬುದು, ಯಾರು ಸೂಜಿ ಹಾಕುತ್ತಾರೆ ಎಂಬುದರಷ್ಟೇ ಮುಖ್ಯ. ಕಣ ಎಣಿಕೆಯ ಪಾಲು, ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿಗೆ ಹೋಗಿ, ಒಂದೆರಡು ಗಂಟೆಯೊಳಗೆ ಎಣಿಕೆಯಾಗಬೇಕು. ರಕ್ತದ ಕಣ ಎಣಿಸಲು ಬಳಸುವ ಅಸಿಟಿಕ್ ಆಮ್ಲದ ದ್ರಾವಣವನ್ನು ಇದಕ್ಕೆ ಬೆರೆಸಿದರೆ ಜಿಡ್ಡು ಹೆಪ್ಪುಗಟ್ಟಿ ಎಣಿಕೆ ತಪ್ಪಾಗುತ್ತದೆ, ಸಲೈನಿನಲ್ಲೇ ತೆಳುಗೊಳಿಸಬೇಕು. ಬ್ಯಾಕ್ಟೀರಿಯಾ ಹುಡುಕುವ ಪಾಲನ್ನು ರಕ್ತದ ಕಲ್ಚರ್ ಬಾಟಲಿಗೆ ನೇರವಾಗಿ ಹಾಕಿದರೆ, ಚಿಕ್ಕ ಮಕ್ಕಳ ಕೀಲನ್ನು ಹಿಡಿಯುವ ಕಿಂಗೆಲ್ಲಾದಂತಹ ಸುಲಭವಾಗಿ ಬೆಳೆಯದ ರೋಗಾಣುಗಳೂ ಸಿಗುವ ಸಾಧ್ಯತೆ ಹೆಚ್ಚು. ಟಿಬಿಗಾಗಿ, ರೋಗಾಣುವಿನ ಡಿಎನ್‌ಎ ಹುಡುಕುವ ಸಿಬಿನಾಟ್ ಪರೀಕ್ಷೆಗೂ ದ್ರವ ಮಾಧ್ಯಮದ ಕಲ್ಚರ್‌ಗೂ ಪ್ರತ್ಯೇಕ ಪಾಲು ಬೇಕು. ಸಿಬಿನಾಟ್ ಯಂತ್ರ ಸುಮಾರು ಎರಡು ಗಂಟೆಯಲ್ಲಿ ಫಲಿತಾಂಶ ಕೊಡುತ್ತದೆ, ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮದಡಿ ಉಚಿತ. ಕಲ್ಚರ್‌ಗೆ ಆರು ವಾರದವರೆಗೂ ಕಾಯಬೇಕಾಗುತ್ತದೆ. ಬ್ರುಸೆಲ್ಲಾ ಶಂಕೆಯಿದ್ದರೆ ಪ್ರಯೋಗಾಲಯಕ್ಕೆ ಮುಂಚೆಯೇ ತಿಳಿಸಬೇಕು. ಬಾಟಲಿಯನ್ನು ಹೆಚ್ಚು ದಿನ ಇಡಬೇಕಾಗುತ್ತದೆ, ಮತ್ತು ಅಲ್ಲಿ ಕೆಲಸ ಮಾಡುವವರಿಗೇ ಆ ರೋಗಾಣು ತಗಲುವ ಅಪಾಯವಿದೆ. ಒಂದು ಮಾತನ್ನು ಮುಚ್ಚಿಡಬಾರದು: ಕೀಲಿನ ನೀರಿನಲ್ಲಿ ಟಿಬಿ ರೋಗಾಣುಗಳು ಕಡಿಮೆ ಇರುವುದರಿಂದ ಸಿಬಿನಾಟ್ ನೆಗೆಟಿವ್ ಬಂದ ಮಾತ್ರಕ್ಕೆ ಟಿಬಿ ಇಲ್ಲವೆಂದು ಖಂಡಿತವಾಗಿ ಹೇಳಲಾಗದು. ಮಾಂಟೂ ಬಲವಾಗಿ ಪಾಸಿಟಿವ್ ಆಗಿದ್ದು, ಎಂಆರ್‌ಐಯಲ್ಲೂ ಶಂಕೆ ಉಳಿದರೆ ಒಳಪದರದ ಚೂರೊಂದನ್ನು ತೆಗೆದು ನೋಡುವುದು ನೀರಿನ ಪರೀಕ್ಷೆಗಿಂತ ಹೆಚ್ಚು ನಂಬಿಕೆಗೆ ಅರ್ಹ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಟಿಬಿಯ ಸಂಪರ್ಕವಿಲ್ಲ, ಮಾಂಟೂ, ಎಕ್ಸ್‌ರೇ, ಬ್ರುಸೆಲ್ಲಾ ಎಲ್ಲವೂ ಶುದ್ಧವಾಗಿ ಬಂದವು ಎಂದಾದರೆ, ಒಂದೇ ಸಲ ಮಗುವನ್ನು ಮಂಪರಿನಲ್ಲಿಟ್ಟು ನೀರು ತೆಗೆದು, ಅದನ್ನು ಪರೀಕ್ಷೆಗೆ ಕಳುಹಿಸಿ, ಅದೇ ಸೂಜಿಯಿಂದ ಸ್ಟೀರಾಯ್ಡ್ ಕೊಡುವುದನ್ನು ನಾನು ಆರಿಸುತ್ತೇನೆ. ಮಗುವಿಗೆ ಎರಡು ಬಾರಿ ಅರಿವಳಿಕೆ ಕೊಡುವುದು ತಪ್ಪುತ್ತದೆ. ಇವುಗಳಲ್ಲಿ ಒಂದಾದರೂ ಸಂಶಯ ಹುಟ್ಟಿಸಿದರೆ, ಅಥವಾ ಹೊರಬಂದ ದ್ರವ ಕೀವಿನಂತೆ ಕಂಡರೆ, ಅಂದು ಸ್ಟೀರಾಯ್ಡ್ ಬೇಡ. ಫಲಿತಾಂಶ ಬಂದ ಮೇಲೆ ಇನ್ನೊಮ್ಮೆ ಚುಚ್ಚಿಸಿಕೊಳ್ಳುವ ಕಷ್ಟವನ್ನು ಸಹಿಸುವುದೇ ಸರಿ. ಬರೀ ನೆಪ್ರಾಕ್ಸೆನ್‌ನಂತಹ ನೋವಿನ ಸಿರಪ್ ಕೊಟ್ಟು ಕಾಯುವುದು ಮೂರನೆಯ ದಾರಿ. ಆರಂಭದ ಕೆಲವು ವಾರಗಳಿಗೆ ಅದು ಸಾಕಾಗಬಹುದಿತ್ತು, ಮೂರು ತಿಂಗಳು ಕಳೆದ ಮೇಲೆ ಅದನ್ನೇ ನೆಚ್ಚಿಕೊಳ್ಳುವುದನ್ನು ನಾನು ಒಪ್ಪಲಾರೆ. ಚುಚ್ಚುಮದ್ದಿನ ನಂತರವೂ ಊತ ಬೇಗ ಮರಳಿದರೆ ಅಥವಾ ಇನ್ನಷ್ಟು ಕೀಲುಗಳು ಸೇರಿಕೊಂಡರೆ ದೇಹದ ರೋಗನಿರೋಧಕ ಚಟುವಟಿಕೆಯನ್ನು ತಗ್ಗಿಸುವ ಮೆಥೋಟ್ರೆಕ್ಸೇಟ್ ಔಷಧಿಯನ್ನು ವಾರಕ್ಕೊಮ್ಮೆ ಕೊಡುವ ಚರ್ಚೆ ಬರುತ್ತದೆ. ಈಗಲೇ ಅದರ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ.

ಕೀಲಿಗೆ ನೇರವಾಗಿ ಕೊಡುವ ಸ್ಟೀರಾಯ್ಡ್ ಬಾಯಿಯಿಂದ ತಿಂಗಳುಗಟ್ಟಲೆ ಕೊಡುವ ಸ್ಟೀರಾಯ್ಡ್‌ನಂತಲ್ಲ. ಅಮೆರಿಕನ್ ಕಾಲೇಜ್ ಆಫ್ ರೂಮಟಾಲಜಿಯ 2021ರ ಮಾರ್ಗಸೂಚಿ ಕೆಲವೇ ಕೀಲುಗಳ ಜೆಐಎಗೆ ಇದನ್ನು ಆರಂಭಿಕ ಚಿಕಿತ್ಸೆಯ ಭಾಗವಾಗಿಯೇ ಬಲವಾಗಿ ಶಿಫಾರಸು ಮಾಡಿದೆ. ಟ್ರಯಾಮ್ಸಿನೊಲೋನ್ ಹೆಕ್ಸಾಸಿಟೊನೈಡ್ ಎಂಬ ಬಗೆ ಹೆಚ್ಚು ಕಾಲ ಕೆಲಸ ಮಾಡುತ್ತದೆ, ಅದು ಸಿಗದ ಕಡೆ ಅಸಿಟೊನೈಡ್ ಬಳಸುತ್ತಾರೆ. ಎಷ್ಟೋ ಮಕ್ಕಳಲ್ಲಿ ಒಂದೇ ಚುಚ್ಚುಮದ್ದಿಗೆ ಊತ ಆರು ತಿಂಗಳು, ಅದಕ್ಕೂ ಹೆಚ್ಚು ಕಾಲ ಮರಳುವುದಿಲ್ಲ. ಅಡ್ಡಪರಿಣಾಮಗಳಲ್ಲಿ ಸಾಮಾನ್ಯವಾದುದು ಚುಚ್ಚಿದ ಜಾಗದಲ್ಲಿ ಚರ್ಮದಡಿಯ ಕೊಬ್ಬು ಕರಗಿ ಸಣ್ಣ ಗುಳಿಯಾಗುವುದು, ಅಲ್ಲಿನ ಬಣ್ಣ ತಿಳಿಯಾಗುವುದು. ಮಂಡಿಯಂತಹ ದೊಡ್ಡ ಕೀಲಿನಲ್ಲಿ, ಅನುಭವಿ ಕೈಯಲ್ಲಿ ಇದು ಕಡಿಮೆ. ಸೂಜಿಯಿಂದಲೇ ಕೀಲಿಗೆ ಸೋಂಕು ತಗಲುವುದು ಹಲವು ಸಾವಿರ ಚುಚ್ಚುಗಳಲ್ಲಿ ಒಂದರಷ್ಟು ವಿರಳ. ಚುಚ್ಚುವ ಜಾಗದ ಚರ್ಮದಲ್ಲಿ ಹುಣ್ಣೋ ಕಜ್ಜಿಯೋ ಇದ್ದರೆ ಅದು ವಾಸಿಯಾಗುವವರೆಗೆ ಮುಂದೂಡಿ, ಸಣ್ಣ ಗಾಯಕ್ಕೂ ರಕ್ತ ನಿಲ್ಲದ ಸ್ವಭಾವ ಮನೆತನದಲ್ಲಿದ್ದರೆ ಮೊದಲೇ ಹೇಳಿ.

ಮೊದಲ ಸಲ ಮಗುವನ್ನು ಎಚ್ಚರದಲ್ಲೇ ಹಿಡಿದುಕೊಂಡು ನೀರು ತೆಗೆದಿದ್ದರೆ, ಈ ಸಲ ಹಾಗೆ ಮಾಡಬೇಡಿ ಎಂದು ನೀವು ಕೇಳಬಹುದು, ಕೇಳಬೇಕು. ಒಂದು ಗಂಟೆ ಮೊದಲು ಮರಗಟ್ಟಿಸುವ ಮುಲಾಮು ಹಚ್ಚಿ, ಅರಿವಳಿಕೆ ತಜ್ಞರು ಅಲ್ಪಕಾಲದ ಮಂಪರು ಕೊಟ್ಟರೆ ಕೆಲಸ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಅದಕ್ಕಾಗಿ ಆರು ಗಂಟೆ ಊಟ, ಹಾಲು ಕೊಡಬಾರದು. ನೀರನ್ನು ಎಷ್ಟು ಹೊತ್ತಿನವರೆಗೆ ಕೊಡಬಹುದೆಂದು ಅವರೇ ತಿಳಿಸುತ್ತಾರೆ. ನಾಲ್ಕು ವರ್ಷದ ಮಗುವಿನ ನೆನಪಿನಲ್ಲಿ ಆಸ್ಪತ್ರೆಯ ಭಯ ಉಳಿದರೆ ಮುಂದಿನ ವರ್ಷಗಳ ಪ್ರತಿ ಭೇಟಿಯೂ ಕಷ್ಟವಾಗುತ್ತದೆ, ಆದ್ದರಿಂದ ಇದನ್ನು ನಾನು ಸಣ್ಣ ವಿಷಯವೆಂದು ಎಣಿಸುವುದಿಲ್ಲ. ಈ ವ್ಯವಸ್ಥೆ ನಿಮ್ಮ ಹತ್ತಿರ ಇಲ್ಲದಿದ್ದರೆ ಬೆಂಗಳೂರಿನ ದೊಡ್ಡ ಮಕ್ಕಳ ಆಸ್ಪತ್ರೆಗಳಲ್ಲಿ ವಿಚಾರಿಸಿ.

ರೋಗ ಯಾವುದೆಂದು ತೀರ್ಮಾನವಾದ ಮೇಲೆ, ಊತ ಬಂದಾಗಲೆಲ್ಲ ನೀರು ತೆಗೆದು ಪರೀಕ್ಷಿಸುವ ಅಗತ್ಯವಿಲ್ಲ. ಆದರೆ ಮುಂದೆಂದಾದರೂ ಒಂದು ಕೀಲು ಹಠಾತ್ತನೆ ಕೆಂಪಾಗಿ, ಬಿಸಿಯಾಗಿ, ಮುಟ್ಟಗೊಡದಷ್ಟು ನೋವಾಗಿ, ಜೊತೆಗೆ ಜ್ವರ ಬಂದರೆ, ಅದು ಹಳೆಯ ಸಂಧಿವಾತವೇ ಎಂದು ಕಾಯದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಮೆಥೋಟ್ರೆಕ್ಸೇಟ್‌ನಂತಹ ಔಷಧಿ ತೆಗೆದುಕೊಳ್ಳುವ ಮಕ್ಕಳಲ್ಲಿ ಕೀಲಿನ ಸೋಂಕು ಸೌಮ್ಯ ಲಕ್ಷಣಗಳೊಂದಿಗೂ ಬರಬಹುದು.

ಕಣ್ಣಿನ ವಿಷಯವನ್ನು ಕೊನೆಗೆ ಇಟ್ಟುಕೊಂಡಿದ್ದರೂ ನೀವು ಮೊದಲು ಮಾಡಬೇಕಾದ ಕೆಲಸ ಅದು. ಎಎನ್‌ಎ ಪಾಸಿಟಿವ್ ಇರುವ, ಏಳು ವರ್ಷದೊಳಗೆ ಕೆಲವೇ ಕೀಲುಗಳಲ್ಲಿ ಜೆಐಎ ಆರಂಭವಾದ ಮಕ್ಕಳಿಗೆ ಯುವಿಯೈಟಿಸ್ ಎಂಬ ಕಣ್ಣಿನೊಳಗಿನ ಉರಿಯೂತದ ಅಪಾಯ ಹೆಚ್ಚು. ಈ ಮಕ್ಕಳಲ್ಲಿ ಸಾಮಾನ್ಯವಾಗಿ ಕಣ್ಣು ಕೆಂಪಾಗುವುದಿಲ್ಲ, ನೋಯುವುದಿಲ್ಲ, ಮಗು ದೂರುವುದೂ ಇಲ್ಲ. ಪೊರೆ ಬಂದು ದೃಷ್ಟಿ ಕುಂದಿದ ಮೇಲಷ್ಟೇ ಮನೆಯವರಿಗೆ ತಿಳಿಯುತ್ತದೆ. ನೇತ್ರತಜ್ಞರು ಸ್ಲಿಟ್ ಲ್ಯಾಂಪ್ ಯಂತ್ರದಲ್ಲಿ ನೋಡಿದರೆ ಆರಂಭದಲ್ಲೇ ಸಿಗುತ್ತದೆ. ಮಂಡಿಯ ಪರೀಕ್ಷೆಗಳು ಮುಗಿದು ರೋಗ ಖಚಿತವಾಗುವವರೆಗೆ ಕಾಯದೆ ಮೊದಲ ತಪಾಸಣೆಯನ್ನು ಈ ವಾರವೇ ಮಾಡಿಸಿ. ಜೆಐಎ ಎಂದು ಖಚಿತವಾದರೆ ಮೊದಲ ನಾಲ್ಕು ವರ್ಷ ಮೂರು ತಿಂಗಳಿಗೊಮ್ಮೆ, ಮಂಡಿ ಪೂರ್ತಿ ಇಳಿದಿದ್ದರೂ ತಪ್ಪಿಸದೆ ತೋರಿಸಬೇಕು. ಕಣ್ಣಿನ ವೈದ್ಯರ ಬಳಿಗೆ ಹೋಗುವಾಗ ಎಎನ್‌ಎ ವರದಿಯನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ಮಗುವಿಗೆ ಕೀಲು ಊತವಿದೆ ಎಂದು ಬಾಯಿಬಿಟ್ಟು ಹೇಳಿ. ಬರೀ ದೃಷ್ಟಿ ಪರೀಕ್ಷೆ ಮಾಡಿ ಕಳುಹಿಸಿಬಿಡುವ ಸಾಧ್ಯತೆ ಆಗ ಇರುವುದಿಲ್ಲ.